ಈರುಳ್ಳಿಗೆ ನೀರು, ಯೂರಿಯಾ: ನಿಲ್ಲಿಸುವ ದಿನ ಯಾವುದು?

ಈರುಳ್ಳಿ ಬೆಳೆಗಾರರ ಸಭೆ ಚಳ್ಳಕೆರೆಯಲ್ಲಿ ನಡೆಯಲಿ, ನವಲಗುಂದದಲ್ಲಿ ನಡೆಯಲಿ, ಕೊಟ್ಟೂರಿನಲ್ಲಿ ನಡೆಯಲಿ, ಎರಡು ಪ್ರಶ್ನೆಗಳು ಬಂದೇ ಬರುತ್ತವೆ. ಎಕರೆಗೆ ಎಷ್ಟು ಚೀಲ ಯೂರಿಯಾ? ಎಷ್ಟು ದಿನಕ್ಕೊಮ್ಮೆ ನೀರು? ಇವೆರಡನ್ನೂ ನಾವು ಬೇರೆ ಬೇರೆಯಾಗಿಯೇ ಕೇಳುತ್ತೇವೆ, ಉತ್ತರವನ್ನೂ ಬೇರೆ ಬೇರೆಯಾಗಿಯೇ ಪಡೆಯುತ್ತೇವೆ. ಗೊಬ್ಬರದ ಮಾತನ್ನು ಅಂಗಡಿಯವರು ಹೇಳುತ್ತಾರೆ, ನೀರಿನ ಮಾತನ್ನು ಕರೆಂಟ್ ಬರುವ ಹೊತ್ತು ನಿರ್ಧರಿಸುತ್ತದೆ. ಹೊಲದಲ್ಲಿ ಮಾತ್ರ ಇವೆರಡೂ ಒಂದೇ ಪ್ರಶ್ನೆ. ಸಾರಜನಕ ಬೇರಿಗೆ ತಲುಪುವುದು ನೀರಿನ ಜೊತೆಗೆ, ಬೇರಿನ ಕೈ ತಪ್ಪಿ ಕೆಳಕ್ಕಿಳಿಯುವುದೂ ನೀರಿನ ಜೊತೆಗೇ. ಇಷ್ಟು ವರ್ಷಗಳ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ನಾವು ಕಡಿಮೆ ಕೇಳುವ ಮೂರನೆಯ ಪ್ರಶ್ನೆಯೇ ರೈತನ ಜೇಬಿಗೆ ಹೆಚ್ಚು ಹತ್ತಿರದ್ದು ಎಂದು ನನಗನ್ನಿಸುತ್ತದೆ. ಇವೆರಡನ್ನೂ ನಿಲ್ಲಿಸುವುದು ಯಾವಾಗ?

ಮೊದಲು ಬೇರಿನಿಂದ ಶುರುಮಾಡೋಣ. ಈರುಳ್ಳಿ ಗಿಡವನ್ನು ಮಣ್ಣು ಸಮೇತ ಎತ್ತಿ ತೊಳೆದು ನೋಡಿದರೆ ಬುಡದಿಂದ ಬಿಳಿ ದಾರಗಳು ಇಳಿಬಿದ್ದಿರುತ್ತವೆ. ಕವಲು ತೀರ ಕಡಿಮೆ, ಬೇರುರೋಮ ಇಲ್ಲವೆಂಬಷ್ಟು ವಿರಳ. ಬಹುಪಾಲು ಬೇರು ಮೇಲಿನ 25ರಿಂದ 30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ. ಜೋಳದ ಬೇರೋ ತೊಗರಿ ಬೇರೋ ಆಳಕ್ಕೆ ಹೋಗಿ ಹುಡುಕಿ ತರುವ ನೀರನ್ನು, ಸಾರಜನಕವನ್ನು ಈರುಳ್ಳಿ ತರಲಾರದು. ಒಂದು ಗೇಣಿನಿಂದ ಕೆಳಗೆ ಇಳಿದ ನೈಟ್ರೇಟ್ ಈ ಬೆಳೆಯ ಪಾಲಿಗೆ ಹೋದಂತೆಯೇ. ಮೇಲೆ ನೋಡಿದರೆ ಎಲೆಗಳು ನೆಟ್ಟಗೆ ನಿಂತ ಕೊಳವೆಗಳು, ನೆಲವನ್ನು ಎಂದೂ ಪೂರ್ತಿ ಮುಚ್ಚುವುದಿಲ್ಲ. ಹಾಗಾಗಿ ಹಾಯಿಸಿದ ನೀರಿನ ಒಂದು ಪಾಲು ಬರಿ ನೆಲದಿಂದ ಆವಿಯಾಗುತ್ತದೆ, ಇನ್ನೊಂದು ಪಾಲನ್ನು ಕಳೆ ಕುಡಿಯುತ್ತದೆ. ಈ ಬೆಳೆಗೆ ನೀರನ್ನು ಸ್ವಲ್ಪ ಸ್ವಲ್ಪವಾಗಿ ಪದೇ ಪದೇ ಕೊಡಬೇಕು, ಗೊಬ್ಬರವನ್ನೂ ಹಾಗೆಯೇ ಕೊಡಬೇಕು ಎಂಬ ಶಿಫಾರಸಿನ ಮೂಲ ಈ ಬೇರಿನಲ್ಲಿದೆ.

ಎಷ್ಟು ನೀರು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೊಡುವ ಅಂದಾಜು ಇಡೀ ಬೆಳೆಗೆ 350ರಿಂದ 550 ಮಿಲಿಮೀಟರ್. ಎಕರೆ ಲೆಕ್ಕದಲ್ಲಿ ಇದು ಸುಮಾರು 14ರಿಂದ 22 ಲಕ್ಷ ಲೀಟರ್. ಮಣ್ಣು ಹಿಡಿದಿಟ್ಟ, ಬೆಳೆಗೆ ಸಿಗಬಲ್ಲ ನೀರಿನಲ್ಲಿ ಕಾಲುಭಾಗ ಖರ್ಚಾಗುವಷ್ಟರಲ್ಲಿ ಮುಂದಿನ ನೀರು ಬರಬೇಕು ಎಂದೂ ಅದೇ ಸಂಸ್ಥೆ ಹೇಳುತ್ತದೆ. ಹೆಚ್ಚಿನ ಬೆಳೆಗಳು ಅರ್ಧದವರೆಗೆ ತಾಳಿಕೊಳ್ಳುತ್ತವೆ. ಈರುಳ್ಳಿ ಅಷ್ಟು ತಾಳುವುದಿಲ್ಲ, ನೀರು ಶೇಕಡ ಹತ್ತು ಕಡಿಮೆಯಾದರೆ ಇಳುವರಿ ಅದಕ್ಕಿಂತ ತುಸು ಹೆಚ್ಚೇ ಕುಸಿಯುತ್ತದೆ. ಪುಣೆ ಬಳಿಯ ರಾಜಗುರುನಗರದಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ಸಂಶೋಧನಾ ನಿರ್ದೇಶನಾಲಯ ಮುಂಗಾರು ಬೆಳೆಗೆ 5ರಿಂದ 8 ನೀರು, ಹಿಂಗಾರು-ಬೇಸಿಗೆ ಬೆಳೆಗೆ 12ರಿಂದ 15 ನೀರು ಎಂದು ಹೇಳುತ್ತ ಬಂದಿದೆ. ಚಿತ್ರದುರ್ಗದ ಕೆಂಪು ಮಸಾರಿಗೆ ಬೇಕಾದ ಅಂತರ ಒಂದು, ಗದಗಿನ ಎರೆಗೆ ಬೇಕಾದದ್ದು ಇನ್ನೊಂದು. ದಿನ ಎಣಿಸಿ ನೀರು ಬಿಡುವುದಕ್ಕಿಂತ ಬೇರಿನ ಮಟ್ಟದ ಮಣ್ಣನ್ನು ಅಂಗೈಯಲ್ಲಿ ಹಿಡಿದು ಹದ ನೋಡಿ ಬಿಡುವುದೇ ಲೇಸು.

ಎಲ್ಲ ದಿನಗಳ ಬಾಯಾರಿಕೆಯೂ ಒಂದೇ ಬೆಲೆಯದಲ್ಲ. ಗಡ್ಡೆ ದಪ್ಪಗಾಗುವ ವಾರಗಳಲ್ಲಿ ನೀರು ತಪ್ಪಿದರೆ ತೂಕ ನೇರವಾಗಿ ಹೋಗುತ್ತದೆ. ಅದಕ್ಕೂ ಮೊದಲು, ನಾಲ್ಕರಿಂದ ಆರು ಎಲೆಯ ಹಂತದಲ್ಲಿ ಸ್ವಲ್ಪ ದಿನ ಒಣಗಿಸಿದರೆ ಇಳುವರಿ ಅಷ್ಟೇನೂ ಕಡಿಮೆಯಾಗದಿದ್ದರೂ ಒಳಗೆ ಒಂದೇ ಸುಳಿ ಇರಬೇಕಾದಲ್ಲಿ ಎರಡು ಮೂರು ಸುಳಿ ಹುಟ್ಟುತ್ತವೆ ಎಂದು ಅಮೆರಿಕದ ಆರಿಗನ್ ರಾಜ್ಯದ ಪ್ರಯೋಗಗಳು ತೋರಿಸಿವೆ. ಒಣಗಿಸಿ ಒಮ್ಮೆಲೇ ಹೊಟ್ಟೆತುಂಬ ನೀರು ಬಿಟ್ಟರೆ ಗಡ್ಡೆ ಬಿರಿಯುತ್ತದೆ, ಜೋಡಿ ಗಡ್ಡೆ ಹೆಚ್ಚುತ್ತದೆ. ಹರಾಜು ಕಟ್ಟೆಯಲ್ಲಿ ಇಂಥ ಗಡ್ಡೆಯೆಲ್ಲ ಬೇರೆ ರಾಶಿಗೆ ಬೀಳುತ್ತದೆ, ಬೇರೆ ದರಕ್ಕೆ ಹೋಗುತ್ತದೆ.

ಇನ್ನು ಸಾರಜನಕ. ಹೆಕ್ಟೇರಿಗೆ 40 ಟನ್ ಕೊಡುವ ಬೆಳೆ ಮಣ್ಣಿನಿಂದ ಎತ್ತಿಕೊಳ್ಳುವ ಸಾರಜನಕ ಸುಮಾರು 90ರಿಂದ 95 ಕೆಜಿ ಎಂದು ರಾಜಗುರುನಗರದ ಲೆಕ್ಕ. ನಮ್ಮ ರಾಜ್ಯದಲ್ಲಿ ನೀರಾವರಿ ಈರುಳ್ಳಿಗೆ ಬಹುಕಾಲದಿಂದ ಹೇಳುತ್ತ ಬಂದ ಪ್ರಮಾಣ ಹೆಕ್ಟೇರಿಗೆ 125 ಕೆಜಿ. ರಾಜಗುರುನಗರದವರು ಹಿಂಗಾರಿಗೆ 110, ಮುಂಗಾರಿಗೆ 75 ಸಾಕೆನ್ನುತ್ತಾರೆ. ಬೇರೆ ಬೇರೆ ರಾಜ್ಯಗಳ ಪ್ರಯೋಗಗಳು 100ರಿಂದ 150ರ ನಡುವೆ ಓಡಾಡುತ್ತವೆ. ಅಂಕಿಗಳಲ್ಲಿ ಹೊಂದಾಣಿಕೆ ಇಲ್ಲವೆಂದು ಗಾಬರಿಪಡಬೇಕಿಲ್ಲ, ಅವೆಲ್ಲದರ ಹಿಂದಿನ ಗೆರೆಯ ಆಕಾರ ಒಂದೇ. ಏನೂ ಹಾಕದ ಮಡಿಯಿಂದ 50 ಕೆಜಿಗೆ ಏರಿದಾಗ ಇಳುವರಿ ಜಿಗಿಯುತ್ತದೆ, 50ರಿಂದ 100ಕ್ಕೆ ಹೋದಾಗ ಏರುತ್ತದೆ, 100 ದಾಟಿದ ಮೇಲೆ ಬಾಗಿ ಚಪ್ಪಟೆಯಾಗುತ್ತದೆ. ಆ ಬಾಗುವ ಜಾಗವನ್ನು ಅತ್ತಿತ್ತ ಸರಿಸುವುದು ನೀರು. ನೀರು ಸಾಲದ ಮಡಿಯಲ್ಲಿ ಹೆಚ್ಚುವರಿ ಸಾರಜನಕಕ್ಕೆ ಬೆಳೆ ಸ್ಪಂದಿಸುವುದೇ ಇಲ್ಲ. ನೀರು ಅತಿಯಾದ ಮಡಿಯಲ್ಲಿ 150 ಹಾಕಿದರೂ ಇನ್ನೂ ಬೇಕೆನ್ನುವಂತೆ ಕಾಣುತ್ತದೆ, ಏಕೆಂದರೆ ಹಾಕಿದ್ದು ಬೇರಿನ ಕೆಳಗೆ ಜಾರಿರುತ್ತದೆ. "ನಮ್ಮ ಹೊಲಕ್ಕೆ ಶಿಫಾರಸು ಸಾಲುವುದಿಲ್ಲ" ಎಂಬ ಮಾತಿನ ಹಿಂದೆ ಎಷ್ಟೋ ಸಲ ಇರುವುದು ಹರಿ ನೀರಿನ ಕಥೆ.

ಚೀಲದ ಲೆಕ್ಕವನ್ನು ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು. ಹೆಕ್ಟೇರಿಗೆ 125 ಕೆಜಿ ಎಂದರೆ ಎಕರೆಗೆ 50 ಕೆಜಿ ಸಾರಜನಕ. ಯೂರಿಯಾದಲ್ಲಿ ಇರುವುದು ಶೇಕಡ 46, ಅಂದರೆ 45 ಕೆಜಿ ಚೀಲದಲ್ಲಿ 20.7 ಕೆಜಿ. ರಂಜಕಕ್ಕಾಗಿ ತಳಗೊಬ್ಬರವಾಗಿ ಹಾಕುವ 65 ಕೆಜಿ ಡಿಎಪಿಯಲ್ಲೇ ಸುಮಾರು 12 ಕೆಜಿ ಸಾರಜನಕ ಬಂದಿರುತ್ತದೆ. ಉಳಿದ 38 ಕೆಜಿಗೆ ಎರಡು ಚೀಲ ಯೂರಿಯಾ ಕೂಡ ಪೂರ್ತಿ ಬೇಡ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಎಕರೆಗೆ ಹತ್ತು ಟನ್ ಬಿದ್ದಿದ್ದರೆ ಅದರಿಂದ ಮೊದಲ ಬೆಳೆಗೇ ಇನ್ನಷ್ಟು ಸಿಗುತ್ತದೆ. ಆದರೂ ಡಿಎಪಿಯನ್ನೂ ಕೊಟ್ಟಿಗೆ ಗೊಬ್ಬರವನ್ನೂ ಲೆಕ್ಕದಿಂದ ಬಿಟ್ಟು, ಮೇಲುಗೊಬ್ಬರವಾಗಿ ಮೂರು ನಾಲ್ಕು ಚೀಲ ಎರಚುವುದು ಎಷ್ಟೋ ಕಡೆ ರೂಢಿಯಾಗಿದೆ.

ರೈತನ ಅಜ್ಞಾನ ಎಂದು ಇದನ್ನು ತಳ್ಳಿಹಾಕುವುದು ಅನ್ಯಾಯ. 2010ರಲ್ಲಿ ಪೋಷಕಾಂಶ ಆಧಾರಿತ ಸಹಾಯಧನ ಜಾರಿಗೆ ಬಂದಾಗ ಯೂರಿಯಾವನ್ನು ಅದರಿಂದ ಹೊರಗಿಟ್ಟು ಬೆಲೆಯನ್ನು ಸರ್ಕಾರವೇ ಹಿಡಿದಿಟ್ಟಿತು. ಇಂದಿಗೂ ಒಂದು ಚೀಲ ಯೂರಿಯಾ 270 ರೂಪಾಯಿಯ ಒಳಗೆ ಸಿಗಬೇಕು, ಡಿಎಪಿಗೆ 1,350 ರೂಪಾಯಿ, ಪೊಟ್ಯಾಷ್ ಇನ್ನೂ ದುಬಾರಿ. ಹಾಗಿರುವಾಗ ಕೈ ಎತ್ತ ಹೋಗುತ್ತದೆ? ನೀರಿನ ಕಡೆಯೂ ಇದೇ ಕಥೆ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆದರೆ ತ್ರೀ ಫೇಸ್ ಬರುವುದು ದಿನದ ಕೆಲವೇ ಗಂಟೆ, ಅದೂ ಎಷ್ಟೋ ದಿನ ರಾತ್ರಿ. ಮತ್ತೆ ಯಾವಾಗ ಬರುತ್ತದೋ ಎಂಬ ಆತಂಕದಲ್ಲಿ ಇದ್ದಾಗಲೇ ಮಡಿ ತುಂಬಿಸಿಬಿಡುವುದು ಸಹಜ. ಅಗ್ಗದ ಯೂರಿಯಾ, ಹೊತ್ತುಗೊತ್ತಿಲ್ಲದ ನೀರು, ಇವೆರಡೂ ಸೇರಿ ಗೇಣುದ್ದದ ಬೇರಿನ ಬೆಳೆಯ ಮೇಲೆ ಬೀಳುತ್ತಿವೆ. ಸಲಹೆ ಕೊಡುವವರು ಈ ಬೆಲೆಪಟ್ಟಿಯನ್ನೂ ಕರೆಂಟ್ ವೇಳಾಪಟ್ಟಿಯನ್ನೂ ಬದಿಗಿಟ್ಟು ಮಾತನಾಡಿದರೆ ಆ ಸಲಹೆ ಹೊಲಕ್ಕೆ ಇಳಿಯುವುದಿಲ್ಲ.

ಹೆಚ್ಚಾದ ಸಾರಜನಕ ಏನು ಮಾಡುತ್ತದೆ ಎಂಬುದನ್ನು ಗಿಡದ ಕತ್ತಿನಲ್ಲಿ ಕಣ್ಣಾರೆ ನೋಡಬಹುದು. ಈರುಳ್ಳಿ ಗಡ್ಡೆ ಎಂದರೆ ಎಲೆಗಳ ಬುಡಗಳೇ ದಪ್ಪಗಾಗಿ ಒಂದರೊಳಗೊಂದು ಸುತ್ತಿಕೊಂಡದ್ದು. ಗಡ್ಡೆ ಕಟ್ಟುವ ಮುಂಚೆ ಎಷ್ಟು ಎಲೆ ಬಂದಿತ್ತೋ, ಎಷ್ಟು ಅಗಲ ಇತ್ತೋ ಅದರ ಮೇಲೆ ಗಡ್ಡೆಯ ಗಾತ್ರ ನಿಂತಿದೆ. ಸಾರಜನಕದ ಕೆಲಸ ಇರುವುದು ಅಲ್ಲಿ, ಮೊದಲರ್ಧದಲ್ಲಿ. ಹಗಲಿನ ಉದ್ದ, ಬಿಸಿಲಿನ ಕಾವು ಸೇರಿ ಗಡ್ಡೆ ಕಟ್ಟು ಎಂಬ ಸೂಚನೆ ಕೊಟ್ಟ ಮೇಲೆ ಒಳಗೆ ಹುಟ್ಟುವ ಹೊಸ ಎಲೆಗಳಿಗೆ ಹಸಿರು ಅಲಗೇ ಇರುವುದಿಲ್ಲ, ಬರೀ ಪದರ ಇರುತ್ತದೆ. ಮೇಲಕ್ಕೆ ಬರುವ ಎಲೆ ನಿಂತಾಗ ಕತ್ತಿನ ಒಳಗು ಟೊಳ್ಳಾಗುತ್ತದೆ, ಮೆತ್ತಗಾಗುತ್ತದೆ, ಸೊಪ್ಪಿನ ಭಾರಕ್ಕೆ ತಾನೇ ಬಾಗುತ್ತದೆ. ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಒತ್ತಿದರೆ ಎರಡೂ ಬದಿ ಒಂದಕ್ಕೊಂದು ಅಂಟುತ್ತವೆ. ಒಣಗಿದ ಮೇಲೆ ಆ ಕತ್ತು ಮುಚ್ಚಿಕೊಂಡು ಒಳಗಿನ ಗಡ್ಡೆಯನ್ನು ಕಾಯುತ್ತದೆ. ಗಡ್ಡೆ ಬಲಿಯುವ ಹೊತ್ತಿನಲ್ಲೂ ಯೂರಿಯಾ, ನೀರು ಎರಡೂ ಸಿಗುತ್ತಲೇ ಇದ್ದರೆ ಗಿಡ ಹಸಿರು ಎಲೆ ಬಿಡುವುದನ್ನು ನಿಲ್ಲಿಸುವುದಿಲ್ಲ. ಕತ್ತಿನೊಳಗೆ ಹೊಸ ಎಲೆ ತುಂಬಿಕೊಂಡು ಅದು ಬೆರಳಿನಷ್ಟು ದಪ್ಪವಾಗಿ ನಿಲ್ಲುತ್ತದೆ, ಒತ್ತಿದರೆ ಗಟ್ಟಿ. ಕೊಯ್ದ ಜಾಗದಲ್ಲಿ ಹಸಿ ಗಾಯ ಆರುವುದಿಲ್ಲ, ಕೊಳೆ ರೋಗ ಆ ಬಾಗಿಲಿನಿಂದಲೇ ಒಳಹೊಗುತ್ತದೆ. ಉಳಿದವು ಬೇಗ ಮೊಳಕೆಯೊಡೆಯುತ್ತವೆ.

ಇದೇ ಕಾರಣಕ್ಕೆ ಶಿಫಾರಸುಗಳೆಲ್ಲ ಒಂದು ಮಾತಿನಲ್ಲಿ ಒಂದಾಗುತ್ತವೆ: ಒಂದು ಪಾಲು ನಾಟಿ ಸಮಯದಲ್ಲಿ, ಉಳಿದದ್ದು 30 ದಿನಕ್ಕೆ, 45 ದಿನಕ್ಕೆ, ನಾಟಿಯಾಗಿ 60 ದಿನ ಕಳೆದ ಮೇಲೆ ಸಾರಜನಕ ಬೇಡ. ನೀರನ್ನೂ ಕೀಳುವ 10ರಿಂದ 15 ದಿನ ಮೊದಲು ನಿಲ್ಲಿಸಬೇಕು. ಅರ್ಧದಷ್ಟು ಗಿಡಗಳ ಸೊಪ್ಪು ಬಾಗಿದಾಗ ಕಿತ್ತು, ಕೆಲವು ದಿನ ಸೊಪ್ಪಿನ ನೆರಳಲ್ಲೇ ಆರಲು ಬಿಟ್ಟು, ಎರಡು ಎರಡೂವರೆ ಸೆಂಟಿಮೀಟರ್ ಕತ್ತು ಉಳಿಸಿ ಸೊಪ್ಪು ಕತ್ತರಿಸಬೇಕು. ಓದಲು ಸುಲಭ. ಪಾಲಿಸಲು ಕಷ್ಟ, ಏಕೆಂದರೆ ಕರ್ನಾಟಕದ ಈರುಳ್ಳಿಯಲ್ಲಿ ದೊಡ್ಡ ಪಾಲು ಮುಂಗಾರಿನದು. ಕೀಳುವ ಹೊತ್ತಿಗೆ ಆಕಾಶವೇ ನೀರು ನಿಲ್ಲಿಸುವುದಿಲ್ಲ. ಮುಂಗಾರು ಬೆಳೆಯಲ್ಲಿ ಸೊಪ್ಪು ತಾನಾಗಿ ಬಾಗುವುದೂ ಅಪರೂಪ, ಖಾಲಿ ಡ್ರಮ್ ಉರುಳಿಸಿ ಬಗ್ಗಿಸುವುದುಂಟು. ಮಳೆಯನ್ನು ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ ಎಂದಾದರೆ ಯೂರಿಯಾ ನಿಲ್ಲಿಸುವ ದಿನ ಇನ್ನಷ್ಟು ಮುಖ್ಯವಾಗುತ್ತದೆ. ಮುಂಗಾರಿನ ಪ್ರಮಾಣವನ್ನು ರಾಜಗುರುನಗರ 75 ಕೆಜಿಗೆ ಇಳಿಸಿದ್ದನ್ನು ನಾನು ಅದಕ್ಕಾಗಿಯೇ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಕಡಿಮೆಯಾದರೂ ತೊಂದರೆ ಇದೆ, ಅದನ್ನು ಮುಚ್ಚಿಡಬಾರದು. ಸಾರಜನಕ ಸಾಲದ ಗಿಡ ನಾಲ್ಕಾರು ಎಲೆಗೇ ಗಡ್ಡೆ ಕಟ್ಟಲು ತೊಡಗುತ್ತದೆ, ಗಡ್ಡೆ ಗೋಲಿಯಾಗಿಯೇ ಉಳಿಯುತ್ತದೆ, ಹಿಂಗಾರಿನ ಚಳಿಯಲ್ಲಿ ಹೂದಂಟು ಬಿಡುವುದೂ ಹೆಚ್ಚು.

ಎರೆ ಭೂಮಿಯ ಮಾತನ್ನು ಸ್ವಲ್ಪ ನಿಂತು ಆಡಬೇಕು. ಗದಗ, ಧಾರವಾಡದ ಎರೆ ಹೊಲಗಳಲ್ಲಿ ಉಳ್ಳಾಗಡ್ಡಿಯನ್ನು ಸಸಿ ನೆಡುವ ಬದಲು ಕೂರಿಗೆಯಿಂದ ಬಿತ್ತುತ್ತಾರೆ, ಎಷ್ಟೋ ಕಡೆ ಮೆಣಸಿನಕಾಯಿ, ಹತ್ತಿಯ ಜೊತೆಗೆ. ಪೂರ್ತಿ ಮಳೆಯಾಶ್ರಿತ. ನೀರಾವರಿ ಮಡಿಯ ಪ್ರಯೋಗದಿಂದ ಬಂದ 125 ಕೆಜಿಯ ಅಂಕಿಯನ್ನು ಹಾಗೇ ತಂದು ಇಲ್ಲಿ ಇಡುವುದರಲ್ಲಿ ಅರ್ಥವಿಲ್ಲ. ಇಲ್ಲಿ ಗೊಬ್ಬರದ ಕಂತು ಕ್ಯಾಲೆಂಡರ್ ನೋಡದೆ ಮಳೆಯ ಹಿಂದೆ ನಡೆಯಬೇಕು, ಮಳೆ ಕೈಕೊಟ್ಟ ವರ್ಷ ಎರಡನೆಯ ಕಂತನ್ನು ಕೈಬಿಡುವ ಧೈರ್ಯವೂ ಬೇಕು. ಒಣ ಎರೆಯ ಮೇಲೆ ಎರಚಿಬಿಟ್ಟ ಯೂರಿಯಾ ಕ್ಷಾರೀಯ ಮಣ್ಣಿನಲ್ಲಿ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಮಣ್ಣಿನಲ್ಲಿ ಸೇರಿಸಬೇಕು, ಇಲ್ಲವೇ ಹಗುರ ನೀರಿನಿಂದ ಒಳಗೆ ಇಳಿಸಬೇಕು.

ಮಳೆ ಜಾಸ್ತಿಯಾದ ವರ್ಷ ಇನ್ನೊಂದು ಅವಘಡ. ವಾರವಿಡೀ ನೀರು ನಿಂತ ಎರೆಯಲ್ಲಿ ಈರುಳ್ಳಿ ಎಲೆಯ ತುದಿ ಹಳದಿಯಾಗುತ್ತದೆ. ಹಳದಿ ಕಂಡೊಡನೆ ಯೂರಿಯಾ ಎಂಬುದು ನಮ್ಮ ಕಲಿಕೆ. ಆಗ ನಿಜಕ್ಕೂ ಬೇರಿಗೆ ಉಸಿರಿಲ್ಲ, ಗಾಳಿಯಿಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಇದ್ದ ನೈಟ್ರೇಟನ್ನೇ ಅನಿಲವಾಗಿಸಿ ಕಳೆಯುತ್ತಿರುತ್ತವೆ. ಮೇಲೆ ಬಿದ್ದ ಹೊಸ ಯೂರಿಯಾಕ್ಕೂ ಅದೇ ಗತಿ, ಕುಡಿಯಲು ಬೇರು ತಯಾರಿಲ್ಲ. ಬಸಿಗಾಲುವೆ ತೆಗೆದು ನೀರು ಹೊರಹಾಕುವುದು ಮೊದಲ ಕೆಲಸ, ಗೊಬ್ಬರದ ಮಾತು ಬೇರು ಚೇತರಿಸಿಕೊಂಡ ಮೇಲೆ. 2019ರ ಆಗಸ್ಟ್ ಮತ್ತು ಅಕ್ಟೋಬರ್ ಮಳೆಯಲ್ಲಿ ಉತ್ತರ ಕರ್ನಾಟಕ ಮುಳುಗಿದಾಗ ಹೊಲದಲ್ಲೇ ಕೊಳೆತ ಉಳ್ಳಾಗಡ್ಡಿಯನ್ನು ನೆನೆದರೆ ಏರು ಮಡಿ ಮತ್ತು ಬಸಿಗಾಲುವೆಗಳು ಯಾವ ಗೊಬ್ಬರಕ್ಕಿಂತಲೂ ಮೇಲು ಎನಿಸುತ್ತದೆ. 120 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರದ ಮಡಿ, ನಡುವೆ 45 ಸೆಂಟಿಮೀಟರ್ ಸಾಲು, ಮಡಿಯ ಮೇಲೆ ಎರಡು ಡ್ರಿಪ್ ಪೈಪು: ರಾಜಗುರುನಗರದ ಈ ವಿನ್ಯಾಸ ನೀರು ಕೊಡುವುದಕ್ಕೂ ಸೈ, ಬಸಿಯುವುದಕ್ಕೂ ಸೈ.

ಹನಿ ನೀರಾವರಿಯ ಬಗ್ಗೆ ಪ್ರಯೋಗಗಳಲ್ಲಿ ಭಿನ್ನಮತ ಕಡಿಮೆ. ಹರಿ ನೀರಿಗೆ ಹೋಲಿಸಿದರೆ ಮೂರನೇ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಹೆಚ್ಚು ನೀರು ಉಳಿಯುತ್ತದೆ, ಇಳುವರಿ ಏರುತ್ತದೆ, ಗಡ್ಡೆ ಒಂದೇ ಅಳತೆಗೆ ಬರುತ್ತದೆ. ಸಾರಜನಕದ ಒಂದು ಪಾಲು ತಳಕ್ಕೆ, ಉಳಿದದ್ದು 60 ದಿನದೊಳಗೆ ಆರೇಳು ಕಂತಿನಲ್ಲಿ ಪೈಪಿನ ಮೂಲಕ. ನೀರು ಮತ್ತು ಗೊಬ್ಬರ ಒಂದೇ ಪ್ರಶ್ನೆಯಾಗುವುದು ಇಲ್ಲಿ, ಒಂದೇ ಪೈಪಿನಲ್ಲಿ. ಆದರೆ ಡ್ರಿಪ್ ಹಾಕಿಸಿ, ಹರಿ ನೀರಿನ ಕಾಲದ ಯೂರಿಯಾ ಪ್ರಮಾಣವನ್ನೇ ಮುಂದುವರಿಸಿದರೆ ಅದು ಹಳೆಯ ತಪ್ಪಿಗೆ ಹೊಸ ಪೈಪು ಜೋಡಿಸಿದ ಹಾಗೆ. ಸೋರಿಕೆ ನಿಂತ ಮೇಲೆ ಪ್ರಮಾಣ ಇಳಿಯಲೇಬೇಕು. ಮೊದಲು ಹೇಳಿದ ಆರಿಗನ್‌ನ ಮ್ಯಾಲ್ಹರ್ ಸೀಮೆ ಇದಕ್ಕೆ ಸಾಕ್ಷಿ. ಸಾಲು ನೀರಾವರಿಯ ಈರುಳ್ಳಿ ಹೊಲಗಳ ಕೆಳಗಿನ ಅಂತರ್ಜಲದಲ್ಲಿ ನೈಟ್ರೇಟ್ ಏರಿದ್ದರಿಂದ 1989ರಲ್ಲಿ ಅಲ್ಲಿನ ಸರ್ಕಾರ ಆ ಪ್ರದೇಶವನ್ನು ವಿಶೇಷ ನಿಗಾ ವಲಯವೆಂದು ಘೋಷಿಸಿತು. ಅಲ್ಲಿನ ಸಂಶೋಧನಾ ಕೇಂದ್ರ ಮಣ್ಣಿನ ತೇವ ಅಳೆಯುವ ಸೆನ್ಸರ್ ಇಟ್ಟು ಸುಮಾರು 20 ಕಿಲೋಪ್ಯಾಸ್ಕಲ್ ಬಿಗಿತಕ್ಕೆ ನೀರು ಕೊಡುವ ಕ್ರಮವನ್ನು ರೂಢಿಗೆ ತಂದಿತು. ಹಾಗೆ ಹದವರಿತು ಡ್ರಿಪ್ ನಡೆಸಿದಾಗ ಹೆಚ್ಚುವರಿ ಸಾರಜನಕಕ್ಕೆ ಬೆಳೆ ಅಷ್ಟೇನೂ ಸ್ಪಂದಿಸಲಿಲ್ಲ. ಮಣ್ಣಿನಲ್ಲೇ ಬಿಡುಗಡೆಯಾಗುವ ಸಾರಜನಕ, ನೀರಿನ ಜೊತೆ ಬರುವ ಸಾರಜನಕ ಬಹುಪಾಲು ಅಗತ್ಯವನ್ನು ತೀರಿಸುತ್ತಿದ್ದವು.

ನೀರಿನ ಜೊತೆ ಬರುವ ಸಾರಜನಕ ನಮ್ಮ ಮನೆಯ ವಿಷಯವೂ ಹೌದು. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ತೆಗೆದ ನೀರಿನ ಮಾದರಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿತ್ತು. ಅಷ್ಟು ನೈಟ್ರೇಟಿನಲ್ಲಿ ಸುಮಾರು 10 ಮಿಲಿಗ್ರಾಂ ಸಾರಜನಕ ಇದೆ. ಎಕರೆಗೆ 20 ಲಕ್ಷ ಲೀಟರ್ ಹಾಯಿಸಿದರೆ 20 ಕೆಜಿ ಸಾರಜನಕ, ಅಂದರೆ ಒಂದು ಚೀಲ ಯೂರಿಯಾ, ಬೋರ್‌ವೆಲ್ಲಿನಿಂದಲೇ ಹೊಲಕ್ಕೆ ಬಿತ್ತು. ಅದು ಬರುವುದೂ ಕೊನೆಯ ನೀರಿನವರೆಗೆ, ಬೇಡವಾದ ದಿನಗಳಲ್ಲೂ. ನಿನ್ನೆ ಮೊನ್ನೆ ಹಾಕಿದ ಯೂರಿಯಾ ಬಾವಿಗಿಳಿದು, ಬಾವಿಯಿಂದ ಮತ್ತೆ ಮಡಿಗೆ ಬರುತ್ತಿದೆ. ಆ ಊರಿನ ಮಕ್ಕಳೂ ಅದೇ ನೀರು ಕುಡಿಯುತ್ತಿದ್ದಾರೆ. ಈ ಒಂದು ಲೆಕ್ಕ ನನ್ನನ್ನು ಬೇರೆಲ್ಲಕ್ಕಿಂತ ಹೆಚ್ಚು ಕಾಡುತ್ತದೆ.

ಬೋರ್‌ವೆಲ್ ನೀರು ಉಪ್ಪಾಗಿದ್ದರೆ ಇನ್ನೊಂದು ಸಂಕಟ. ಉಪ್ಪು ತಾಳುವುದರಲ್ಲಿ ಈರುಳ್ಳಿ ತೀರ ಮೃದು, ಮಣ್ಣಿನ ಲವಣಾಂಶ 1.2 ಡೆಸಿಸೀಮೆನ್ಸ್ ದಾಟಿದ ಮೇಲೆ ಪ್ರತಿ ಒಂದು ಅಂಕಕ್ಕೆ ಇಳುವರಿ ಶೇಕಡ 16ರಷ್ಟು ಇಳಿಯುತ್ತದೆ.

ಕೀಟ, ರೋಗಗಳ ವಿಷಯದಲ್ಲಿ ಪ್ರಯೋಗಗಳು ಹೇಳುವುದು ಚಿಕ್ಕದು. ಮೆತ್ತಗಿನ ಸೊಂಪಾದ ಎಲೆಗೆ ಥ್ರಿಪ್ಸ್ ಹೆಚ್ಚು, ಎಲೆ ಬಹಳ ಹೊತ್ತು ಒದ್ದೆಯಾಗಿದ್ದರೆ ನೇರಳೆ ಮಚ್ಚೆ ರೋಗ ಹೆಚ್ಚು. ಸ್ಪ್ರಿಂಕ್ಲರ್ ಥ್ರಿಪ್ಸನ್ನು ತೊಳೆಯುತ್ತದೆ, ಮಚ್ಚೆ ರೋಗವನ್ನು ಕರೆಯುತ್ತದೆ. ಗಂಧಕವನ್ನು ಮಾತ್ರ ಮರೆಯಬಾರದು. ಈರುಳ್ಳಿಯ ಖಾರ, ಘಾಟು ಬರುವುದೇ ಗಂಧಕದ ಸಂಯುಕ್ತಗಳಿಂದ, ಅದು ಸಾಲದ ಮಣ್ಣಿನಲ್ಲಿ ಯೂರಿಯಾ ಸುರಿದರೂ ಬೆಳೆ ಅದನ್ನು ಪೂರ್ತಿ ಬಳಸಿಕೊಳ್ಳಲಾರದು.

ಗಾತ್ರವೇ ಗುರಿಯಲ್ಲದ ಈರುಳ್ಳಿಯೂ ನಮ್ಮಲ್ಲಿದೆ. ಚಿಕ್ಕಬಳ್ಳಾಪುರ, ಕೋಲಾರ ಭಾಗದ ಬೆಂಗಳೂರು ಗುಲಾಬಿ ಈರುಳ್ಳಿಗೆ 2015ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು. ಮಲೇಷ್ಯಾ, ಸಿಂಗಪುರದ ಖರೀದಿದಾರರು ಕೇಳುವುದು ಸಣ್ಣ, ಕಡುಗೆಂಪು, ಖಾರದ ಗಡ್ಡೆ. ಹೆಕ್ಟೇರಿಗೆ ಎಷ್ಟು ಟನ್ ಎಂದು ಮಾತ್ರ ಅಳೆಯುವ ಪ್ರಯೋಗ ಈ ಬೆಳೆಗಾರನಿಗೆ ಏನನ್ನೂ ಹೇಳುವುದಿಲ್ಲ.

ಇಡೀ ಸಂಶೋಧನಾ ಸಾಹಿತ್ಯದ ಮೇಲೆ ನನಗಿರುವ ದೂರೂ ಇದೇ. ನೀರಿನ ನಾಲ್ಕು ಮಟ್ಟ, ಸಾರಜನಕದ ನಾಲ್ಕು ಮಟ್ಟ, ಎರಡು ಮೂರು ಹಂಗಾಮು, ಕಿತ್ತ ದಿನದ ತೂಕ, ಅಲ್ಲಿಗೆ ಎಷ್ಟೋ ಪ್ರಯೋಗಗಳು ಮುಗಿಯುತ್ತವೆ. ಕಿತ್ತ ದಿನ ಮಾತ್ರ ತೂಗಿದರೆ 150 ಕೆಜಿಯ ಮಡಿ ಗೆಲ್ಲಬಹುದು, ನೀರು ತುಂಬಿದ ದಪ್ಪ ಕತ್ತಿನ ಗಡ್ಡೆ ಭಾರವಾಗಿಯೇ ಇರುತ್ತದೆ. ಅದೇ ರಾಶಿಯನ್ನು ಶೆಡ್ಡಿನಲ್ಲಿಟ್ಟು ಮೂರು ತಿಂಗಳ ನಂತರ ಕೊಳೆತದ್ದು, ಮೊಳೆತದ್ದು ಆರಿಸಿ ತೂಗಿದರೆ 100 ಕೆಜಿಯ ಮಡಿ ಮುಂದೆ ಬರಬಹುದು. ಬೆಲೆ ತಿಂಗಳೊಪ್ಪತ್ತಿನಲ್ಲಿ ನೆಲಕ್ಕೆ ಬಿದ್ದು ಆಕಾಶಕ್ಕೆ ಏರುವ, 2019ರಲ್ಲೂ 2023ರಲ್ಲೂ ರಫ್ತು ನಿಷೇಧವಾದ ಬೆಳೆಯಿದು. ಇಟ್ಟು ಕಾಯುವ ಶಕ್ತಿ ರೈತನಿಗೆ ಬರಬೇಕಾದರೆ ಗಡ್ಡೆಗೆ ಆ ಶಕ್ತಿ ಇರಬೇಕು, ಅದು ತೀರ್ಮಾನವಾಗುವುದು 60ನೆಯ ದಿನದ ಆಸುಪಾಸಿನಲ್ಲಿ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ 12 ಅಂಶಗಳಿವೆ. ಸಾರಜನಕ ಇದೆ, ಗಂಧಕ ಇದೆ, ಲವಣಾಂಶ ಇದೆ. ಬೋರ್‌ವೆಲ್ ನೀರಿನ ನೈಟ್ರೇಟಿಗೆ ಅದರಲ್ಲಿ ಜಾಗವಿಲ್ಲ. ಈರುಳ್ಳಿ ಬೆಳೆಯುವ ತಾಲ್ಲೂಕುಗಳಲ್ಲಾದರೂ ಮಣ್ಣಿನ ಜೊತೆ ಒಂದು ಬಾಟಲಿ ನೀರನ್ನೂ ಪರೀಕ್ಷೆಗೆ ತೆಗೆದುಕೊಂಡು, ಎಕರೆಗೆ ಎಷ್ಟು ಕೆಜಿ ಎಂಬ ಸಾಲಿನ ಕೆಳಗೆ "ನೀರಿನಿಂದ ಬರುವುದು ಇಷ್ಟು, ಕಳೆಯಿರಿ" ಎಂದು ಇನ್ನೊಂದು ಸಾಲು, "ಯೂರಿಯಾದ ಕೊನೆಯ ದಿನಾಂಕ" ಎಂದು ಮತ್ತೊಂದು ಸಾಲು ಬರೆದುಕೊಡಲು ಇಲಾಖೆಗೆ ಹೊಸ ಯಂತ್ರವೇನೂ ಬೇಕಿಲ್ಲ.